ಕ್ರಿಸ್‌ಮಸ್ ಸಂಜೆ ತಟ್ಟಿದ ಎರಡು ಬಾಗಿಲು: ಟಿಚ್‌ಬೋರ್ನ್ ಹಕ್ಕುದಾರನ ಪ್ರಕರಣ

1866ರ ಡಿಸೆಂಬರ್ 25. ಥೇಮ್ಸ್ ನದಿಯ ಟಿಲ್‌ಬರಿ ಕಟ್ಟೆಯಲ್ಲಿ ಹಡಗಿನಿಂದ ಒಬ್ಬ ದಪ್ಪ ಮನುಷ್ಯ ಇಳಿದ. ಜೊತೆಯಲ್ಲಿ ಹೆಂಡತಿ, ಒಂದು ಕೂಸು, ಜಮೈಕಾ ಮೂಲದ ಒಬ್ಬ ವಯಸ್ಸಾದ ಸೇವಕ, ಆ ಸೇವಕನ ಮಗ. ಸೆಪ್ಟೆಂಬರ್ 2ರಂದು ಸಿಡ್ನಿಯಲ್ಲಿ ‘ರಕಾಯಾ’ ಎಂಬ ಹಡಗು ಹತ್ತಿದ್ದವರು ಊರು ಸೇರುವಾಗ ಸುಮಾರು ನಾಲ್ಕು ತಿಂಗಳು ಕಳೆದಿತ್ತು. ಅವನ ಮಾತು ನಿಜವಾದರೆ, ಹದಿಮೂರು ವರ್ಷಗಳ ಹಿಂದೆ ಊರು ಬಿಟ್ಟು ಹೋಗಿ, ಸಮುದ್ರದಲ್ಲಿ ಮುಳುಗಿ ಸತ್ತನೆಂದು ಎಲ್ಲರೂ ನಂಬಿದ್ದ ಸರ್ ರೋಜರ್ ಟಿಚ್‌ಬೋರ್ನ್ ಅಂದು ಮನೆಗೆ ಬಂದಿದ್ದ. ಮುಂದೆ ಜನ ಅವನನ್ನು ‘ಹಕ್ಕುದಾರ’ ಎಂದೇ ಕರೆದರು.

ಹೆಂಡತಿ ಮಗುವನ್ನು ಹೋಟೆಲಿನಲ್ಲಿ ಬಿಟ್ಟು ಅವನು ಲಂಡನ್ನಿನಲ್ಲಿ ಎರಡು ಬಾಗಿಲು ತಟ್ಟಿದ. ಮೊದಲನೆಯದು ಅವನು ತಾಯಿ ಎಂದು ಹೇಳಿಕೊಳ್ಳುತ್ತಿದ್ದ ಲೇಡಿ ಟಿಚ್‌ಬೋರ್ನ್ ಅವರ ವಿಳಾಸ. ಆಕೆ ಪ್ಯಾರಿಸ್ಸಿನಲ್ಲಿದ್ದಾರೆ ಎಂದು ಉತ್ತರ ಬಂತು. ಎರಡನೆಯದು ಊರಿನ ಪೂರ್ವಕ್ಕೆ, ಹಡಗುಕಟ್ಟೆಗಳ ನಡುವಿನ ವಾಪಿಂಗ್ ಎಂಬ ಬಡ ಕೇರಿಯಲ್ಲಿ. ಅಲ್ಲಿ ಮಾಂಸದಂಗಡಿ ಇಟ್ಟುಕೊಂಡಿದ್ದ ಆರ್ಟನ್ ಎಂಬ ಮನೆತನದವರು ಎಲ್ಲಿ ಹೋದರು ಎಂದು ವಿಚಾರಿಸಿದ. ಅವರು ಆ ಜಾಗ ಬಿಟ್ಟು ಹೋಗಿದ್ದರು. ನೆರೆಯವರೊಬ್ಬರಿಗೆ, ತಾನು ಅವರ ಮಗ ಆರ್ಥರ್ ಆರ್ಟನ್‌ನ ಗೆಳೆಯ, ಆರ್ಥರ್ ಈಗ ಆಸ್ಟ್ರೇಲಿಯಾದ ದೊಡ್ಡ ಸಿರಿವಂತರಲ್ಲಿ ಒಬ್ಬ ಎಂದು ಹೇಳಿ ಹೊರಟುಹೋದ.

ಈ ಎರಡನೆಯ ಬಾಗಿಲಿನ ಮಹತ್ವ ಅಂದು ಯಾರಿಗೂ ಹೊಳೆಯಲಿಲ್ಲ. ಮುಂದೆ ಸಿವಿಲ್ ವಿಚಾರಣೆ 102 ದಿನ, ಕ್ರಿಮಿನಲ್ ವಿಚಾರಣೆ 188 ದಿನ ನಡೆಯಿತು. ನೂರಾರು ಸಾಕ್ಷಿಗಳು ಬಂದರು, ದೇಶ ಎರಡಾಗಿ ಒಡೆಯಿತು. ಅಷ್ಟೆಲ್ಲ ಓದಿದ ಮೇಲೂ ನನ್ನ ಮನಸ್ಸು ಮತ್ತೆ ಮತ್ತೆ ಆ ವಾಪಿಂಗ್ ಸಂಜೆಗೇ ಹೋಗುತ್ತದೆ. ಬಹಳ ವರ್ಷದ ಮೇಲೆ ಊರಿಗೆ ಬಂದವನ ಕಾಲು ತಾನಾಗಿಯೇ ಎತ್ತ ನಡೆಯುತ್ತದೆ?

ಹೋದವನು

ರೋಜರ್ ಚಾರ್ಲ್ಸ್ ಡೌಟಿ ಟಿಚ್‌ಬೋರ್ನ್ ಹುಟ್ಟಿದ್ದು 1829ರ ಜನವರಿ 5ರಂದು, ಪ್ಯಾರಿಸ್ಸಿನಲ್ಲಿ. ತಂದೆಯ ಮನೆತನ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹಳೆಯ ಕ್ಯಾಥೊಲಿಕ್ ಜಮೀನ್ದಾರರದು. ತಾಯಿ ಹೆನ್ರಿಯೆಟ್ ಫೆಲಿಸಿಟೆ ಫ್ರಾನ್ಸಿನಲ್ಲೇ ಬೆಳೆದವರು. ಇಂಗ್ಲೆಂಡಿನ ಮೇಲೆ ಆಕೆಗೆ ಪ್ರೀತಿ ಇರಲಿಲ್ಲ, ಮಗನನ್ನೂ ಫ್ರೆಂಚನಾಗಿಯೇ ಬೆಳೆಸಿದರು. ರೋಜರನ ಮನೆಮಾತು ಫ್ರೆಂಚ್. ಹದಿನಾರನೆಯ ವಯಸ್ಸಿಗೆ ತಂದೆ ಅವನನ್ನು ಇಂಗ್ಲೆಂಡಿಗೆ ಕರೆತಂದು ಸ್ಟೋನಿಹರ್ಸ್ಟ್ ಎಂಬ ಜೆಸ್ಯೂಟ್ ಶಾಲೆಗೆ ಸೇರಿಸುವವರೆಗೂ ಹಾಗೆಯೇ. ಆಮೇಲೆ 1849ರಲ್ಲಿ ಕ್ಯಾರಬಿನಿಯರ್ಸ್ ಎಂದು ಕರೆಯುತ್ತಿದ್ದ ಅಶ್ವದಳದಲ್ಲಿ ಅಧಿಕಾರಿಯಾದ. ಸಣಕಲು ಮೈ, ಫ್ರೆಂಚ್ ಎಳೆತವಿದ್ದ ಇಂಗ್ಲಿಷು.

ದೊಡ್ಡಪ್ಪ ಸರ್ ಎಡ್ವರ್ಡ್ ಡೌಟಿಯವರ ಮಗಳು ಕ್ಯಾಥರೀನಳನ್ನು ಅವನು ಪ್ರೀತಿಸಿದ. ಕ್ಯಾಥೊಲಿಕ್ ಚರ್ಚಿನ ವಿಶೇಷ ಅನುಮತಿಯಿಲ್ಲದೆ ಅಂಥ ಮದುವೆ ಆಗುವಂತಿರಲಿಲ್ಲ, ಹಿರಿಯರಿಗೂ ಇಷ್ಟವಿರಲಿಲ್ಲ. ಮೂರು ವರ್ಷ ಕಾಯಿರಿ, ಆಮೇಲೂ ಮನಸ್ಸು ಇದೇ ಆಗಿದ್ದರೆ ನೋಡೋಣ ಎಂದರು. ಆ ಮೂರು ವರ್ಷ ಕಳೆಯಲು ರೋಜರ್ 1853ರ ಮಾರ್ಚ್‌ನಲ್ಲಿ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದ. ವಾಲ್ಪರೈಸೊದಲ್ಲಿ ಇಳಿದು, ಆಂಡೀಸ್ ಪರ್ವತ ದಾಟಿ, ಬ್ಯೂನಸ್ ಐರಿಸ್ ಮೂಲಕ ರಿಯೊ ಡಿ ಜನೈರೊ ತಲುಪಿದ. ಮನೆಗೆ ಕಾಗದ ಬರೆಯುತ್ತಿದ್ದ, ಅಲ್ಲಿ ತೆಗೆಸಿದ ದಾಗೆರೋಟೈಪ್ ಎಂಬ ಆ ಕಾಲದ ಫೋಟೋಗಳನ್ನೂ ಕಳಿಸಿದ್ದ. 1854ರ ಏಪ್ರಿಲ್ 20ರಂದು ಜಮೈಕಾ ಕಡೆಗೆ ಹೊರಟ ‘ಬೆಲ್ಲಾ’ ಹಡಗು ಹತ್ತಿದ. ನಾಲ್ಕು ದಿನಗಳ ಮೇಲೆ ಬ್ರೆಜಿಲ್ ಕರಾವಳಿಯಾಚೆ ಮಗುಚಿ ತೇಲುತ್ತಿದ್ದ ಒಂದು ದೋಣಿ ಸಿಕ್ಕಿತು. ಅದರ ಮೇಲೆ ಬೆಲ್ಲಾದ ಹೆಸರಿತ್ತು. ಜನರ ಸುಳಿವಿಲ್ಲ. 1855ರಲ್ಲಿ ಕಾನೂನು ಅವನನ್ನು ಸತ್ತವನೆಂದು ಗಣಿಸಿತು. ಉಯಿಲು ಜಾರಿಯಾಯಿತು.

ತಾಯಿ ಒಪ್ಪಲಿಲ್ಲ. ಕಣಿ ಹೇಳುವವಳೊಬ್ಬಳನ್ನು ಕೇಳಿದರು. ಮಗ ಬದುಕಿದ್ದಾನೆ ಎಂಬ ಮಾತು ಬಂತು. 1862ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆಯನ್ನು ತಡೆಯುವವರು ಯಾರೂ ಉಳಿಯಲಿಲ್ಲ.

ಜಾಹೀರಾತು

ಪ್ರಕರಣದ ಬೇರು ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಲೇಡಿ ಟಿಚ್‌ಬೋರ್ನ್ 1863ರಿಂದ ‘ದ ಟೈಮ್ಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಡತೊಡಗಿದರು. 1865ರಲ್ಲಿ ಸಿಡ್ನಿಯ ಆರ್ಥರ್ ಕ್ಯೂಬಿಟ್ ಎಂಬಾತ ನಡೆಸುತ್ತಿದ್ದ, ಕಾಣೆಯಾದವರನ್ನು ಹುಡುಕಿಕೊಡುವ ಏಜೆನ್ಸಿಯ ಮೂಲಕ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲೂ ಅದು ಬಂತು. ಅದರಲ್ಲಿ ಏನಿತ್ತು ಎಂದು ನೋಡಬೇಕು. ರೋಜರನ ಪೂರ್ಣ ಹೆಸರು. ರಿಯೊದಿಂದ ಬೆಲ್ಲಾ ಹಡಗಿನಲ್ಲಿ ಹೊರಟ ತಾರೀಖು. ಆ ಹಡಗಿನ ಕೆಲವರನ್ನು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದ ಇನ್ನೊಂದು ಹಡಗು ಎತ್ತಿಕೊಂಡು, ಬಹುಶಃ ಮೆಲ್ಬರ್ನಿಗೆ, ಒಯ್ದಿತೆಂಬ ಸುದ್ದಿ. ಅವನ ಮೈಕಟ್ಟು, ಕೂದಲು ಮತ್ತು ಕಣ್ಣಿನ ಬಣ್ಣ. ತಂದೆ ತೀರಿಕೊಂಡಿದ್ದಾರೆ, ಇವನೇ ಆಸ್ತಿಗೆಲ್ಲ ವಾರಸುದಾರ ಎಂಬ ಮಾತು. ಸುಳಿವು ಕೊಟ್ಟವರಿಗೆ ಉದಾರ ಬಹುಮಾನ.

ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರವನ್ನೂ ಹಂಚಿದ ಹಾಗಾಯಿತು. ಮುಂದೆ ಹಕ್ಕುದಾರ ಹೇಳಿದ ಕತೆ, ಬೆಲ್ಲಾ ಮುಳುಗಿದಾಗ ‘ಓಸ್ಪ್ರೇ’ ಎಂಬ ಹಡಗು ಎತ್ತಿಕೊಂಡು ಮೆಲ್ಬರ್ನಿಗೆ ತಂದಿತು ಎಂಬುದು, ಈ ಜಾಹೀರಾತಿಗೆ ಒಂದು ಹಡಗಿನ ಹೆಸರನ್ನು ಸೇರಿಸಿದ್ದಷ್ಟೇ. ಆ ತಾಯಿಯನ್ನು ನಾನು ದೂರುತ್ತಿಲ್ಲ. ಮಗನನ್ನು ಕಳೆದುಕೊಂಡವರು ಗುರುತಿನ ಒಂದು ವಿವರವನ್ನು ಗುಟ್ಟಾಗಿ ಇಟ್ಟುಕೊಂಡು ಜಾಹೀರಾತು ಕೊಡಬೇಕು ಎಂದು ಲೆಕ್ಕ ಹಾಕುವುದಿಲ್ಲ. ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುತ್ತಾರೆ.

ನ್ಯೂ ಸೌತ್ ವೇಲ್ಸ್‌ನ ಒಳನಾಡಿನ ವಾಗಾ ವಾಗಾ ಎಂಬ ಊರಿನಲ್ಲಿ ವಿಲಿಯಂ ಗಿಬ್ಸ್ ಎಂಬ ವಕೀಲನ ಕೈಯಲ್ಲಿ ಒಂದು ದಿವಾಳಿ ಪ್ರಕರಣವಿತ್ತು. ದಿವಾಳಿಯಾಗಿದ್ದವನು ಟಾಮಸ್ ಕ್ಯಾಸ್ಟ್ರೊ ಎಂಬ ಮಾಂಸದಂಗಡಿಯವನು. ಇಂಗ್ಲೆಂಡಿನಲ್ಲಿ ತನಗೆ ಆಸ್ತಿ ಬರಬೇಕಾಗಿದೆ ಎಂದು ಅವನು ಹೇಳಿದ್ದ, ಹಡಗು ಒಡೆದ ಅನುಭವವೂ ತನಗಿದೆ ಎಂದಿದ್ದ. ಅವನು ಸೇದುತ್ತಿದ್ದ ತಂಬಾಕಿನ ಪೈಪಿನ ಮೇಲೆ ‘ಆರ್.ಸಿ.ಟಿ.’ ಎಂದು ಕೆತ್ತಿತ್ತು. ಗಿಬ್ಸ್ ನೇರವಾಗಿ ಕೇಳಿದ. ಕ್ಯಾಸ್ಟ್ರೊ ಮೊದಲು ಹಿಂದೆಮುಂದೆ ನೋಡಿದ, ಆಮೇಲೆ ಹೌದೆಂದ.

ಗಿಬ್ಸ್ ಹೇಳಿದಂತೆ ಅವನು ಒಂದು ಉಯಿಲು ಬರೆಸಿದ. ಅದರಲ್ಲಿ ತಾಯಿಯ ಹೆಸರು ‘ಹ್ಯಾನಾ ಫ್ರಾನ್ಸಿಸ್’ ಎಂದಿತ್ತು! ಹೆನ್ರಿಯೆಟ್ ಫೆಲಿಸಿಟೆಯ ಮಗ ಹೆತ್ತವ್ವನ ಹೆಸರನ್ನೇ ತಪ್ಪು ಬರೆಸಿದ್ದ. 1866ರ ಜನವರಿಯಲ್ಲಿ ಆಕೆಗೆ ಬರೆದ ಮೊದಲ ಕಾಗದದಲ್ಲಿ ಗುರುತಿಗೆಂದು ಮೈಮೇಲಿನ ಒಂದು ಮಚ್ಚೆಯನ್ನೂ ಬ್ರೈಟನ್ ಊರಿನ ಒಂದು ಇಸ್ಪೀಟು ಪ್ರಸಂಗವನ್ನೂ ಎತ್ತಿದ್ದ. ಆ ಎರಡೂ ತಾಯಿಗೆ ನೆನಪಿರಲಿಲ್ಲ. ಆದರೂ ಆಕೆ ಪ್ರಯಾಣಕ್ಕೆ ಹಣ ಕಳಿಸಿದರು. ನನ್ನ ಮಗನ ತಲೆಯಲ್ಲಿ ಎಲ್ಲ ಕನಸಿನ ಹಾಗೆ ಕಲಸಿಹೋಗಿದೆ, ಅವನ ಮಾತು ನನ್ನದಕ್ಕೆ ಹೊಂದದಿದ್ದರೂ ಅವನೇ ನನ್ನ ಮಗ ಎಂಬರ್ಥದ ಮಾತನ್ನು ಆಕೆ ಬರೆದಿದ್ದಾರೆ. ಅದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗುರುತು ಹಿಡಿದವರು

ಸಿಡ್ನಿಯಲ್ಲಿ ಆಂಡ್ರೂ ಬೋಗಲ್ ಎಂಬ ಹಿರಿಯನಿದ್ದ. ಜಮೈಕಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಸರ್ ಎಡ್ವರ್ಡರ ಆಪ್ತ ಸೇವಕನಾಗಿ ಬಹುಕಾಲ ಟಿಚ್‌ಬೋರ್ನ್ ಮನೆಯಲ್ಲಿದ್ದು, ನಿವೃತ್ತನಾಗಿ ಆಸ್ಟ್ರೇಲಿಯಾಕ್ಕೆ ಹೋಗಿದ್ದವನು. ರೋಜರನನ್ನು ಹುಡುಗನಾಗಿದ್ದಾಗಿನಿಂದ ಬಲ್ಲವನು. ಹಕ್ಕುದಾರನನ್ನು ನೋಡಿ ಇವರೇ ನಮ್ಮ ಯಜಮಾನರು ಎಂದ. ಇದರಿಂದ ಮನೆತನ ಅವನಿಗೆ ಕೊಡುತ್ತಿದ್ದ ವರ್ಷಕ್ಕೆ 50 ಪೌಂಡಿನ ವರ್ಷಾಶನ ನಿಂತುಹೋಯಿತು. ಬೋಗಲ್ ಮಾತು ಬದಲಿಸಲಿಲ್ಲ. ಬಡತನದಲ್ಲೇ 1877ರಲ್ಲಿ ತೀರಿಕೊಂಡ. ಅವನನ್ನು ಒಳಸಂಚುಗಾರನೆಂದು ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಾಯುವವರೆಗೂ ನಷ್ಟವನ್ನೇ ತಂದ ಮಾತನ್ನು ಹಿಡಿದುಕೊಂಡವನು ಅದನ್ನು ನಂಬಿಯೇ ಇದ್ದಿರಬೇಕು. ಆದರೆ ಆ ನಂಬಿಕೆ ಹೇಗೆ ಹುಟ್ಟಿತು? ದೂರದ ದೇಶದಲ್ಲಿ, ಮುದಿತನದಲ್ಲಿ, ಹಳೆಯ ಮನೆಯ ಹೆಸರು ಹೇಳಿಕೊಂಡು ಒಬ್ಬ ಎದುರಿಗೆ ನಿಂತಿದ್ದಾನೆ. ಇಬ್ಬರೂ ಕೂತು ಆ ಮನೆಯ, ಆ ಜನರ ಮಾತಾಡುತ್ತಾರೆ. ಅಂಥ ಮಾತಿನಲ್ಲಿ ಯಾರು ಹೇಳುತ್ತಿದ್ದಾರೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಗೆರೆ ಬೇಗ ಅಳಿಸಿಹೋಗುತ್ತದೆ. ಒಟ್ಟಿಗೆ ಇಂಗ್ಲೆಂಡಿಗೆ ಹೊರಟ ಆ ನಾಲ್ಕು ತಿಂಗಳ ಪ್ರಯಾಣವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಪ್ಯಾರಿಸ್ ಭೇಟಿ ನಡೆದದ್ದು 1867ರ ಜನವರಿಯಲ್ಲಿ. ಹಕ್ಕುದಾರ ಹುಷಾರಿಲ್ಲವೆಂದು ಹೋಟೆಲಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ತಾಯಿ ತಾವೇ ಹೋದರು. ಬಗ್ಗಿ ಮುತ್ತಿಟ್ಟು, ಥೇಟ್ ಅಪ್ಪನ ಮುಖ ಎಂದರು. ಅಲ್ಲಿಗೆ ಮುಗಿಯಿತು. ಮಗನಿಗೆ ಫ್ರೆಂಚ್ ಬಾರದು, ಒಂದು ವಾಕ್ಯವೂ ಬಾರದು. ರೋಜರನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದ ಶಾತಿಯೋನ್ ಎಂಬ ಗುರು ಬಂದು ನೋಡಿ, ಇವನು ಮೋಸಗಾರ ಎಂದು ಅಲ್ಲೇ ಹೇಳಿದ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಕ್ಕೆ 1000 ಪೌಂಡ್ ಗೊತ್ತುಮಾಡಿದರು. ದಕ್ಷಿಣ ಅಮೆರಿಕದಿಂದ ರೋಜರ್ ಬರೆದಿದ್ದ ಕಾಗದಗಳನ್ನೂ ಅವನ ಕೈಗೆ ಕೊಟ್ಟರು.

ಆ ಕಾಗದಗಳ ಹಸ್ತಾಂತರ ಒಂದು ದೊಡ್ಡ ತಿರುವು. ಅಲ್ಲಿಂದ ಮುಂದೆ ಹಕ್ಕುದಾರನಿಗೆ ಏನೇನು ಗೊತ್ತಿತ್ತೋ ಅದು ನೆನಪೋ ಓದಿಕೊಂಡದ್ದೋ ಎಂದು ಯಾರೂ ಬಿಡಿಸಿ ಹೇಳುವಂತಿರಲಿಲ್ಲ. ಮನೆತನದ ವಕೀಲರಾಗಿದ್ದ ಹಾಪ್ಕಿನ್ಸ್, ಮನೆತನದ ಚರಿತ್ರೆಯನ್ನು ಬಲ್ಲ ಬೇಜಂಟ್, ಇಬ್ಬರೂ ಅವನ ಪಾಳೆಯ ಸೇರಿದರು. ರೋಜರನ ದಳದಲ್ಲಿದ್ದ ಹಳೆಯ ಸಿಪಾಯಿಗಳು ಬಂದರು, ಅವರಲ್ಲಿ ಕೆಲವರನ್ನು ಅವನು ಮನೆಗೆಲಸಕ್ಕೂ ಇಟ್ಟುಕೊಂಡ. ಹುಬ್ಬು ಹಾರಿಸುವ ಚಾಳಿ ಅದೇ, ನಡಿಗೆ ಅದೇ ಎಂದು ಊರವರು ಹೇಳಿದರು. ಬಂದವರೆಲ್ಲ ತಮ್ಮ ತಮ್ಮ ನೆನಪಿನ ಒಂದು ತುಣುಕು ಕೊಟ್ಟು ಹೋದರು. ಅವನು ಅದನ್ನು ಮುಂದಿನವರಿಗೆ ಕೊಟ್ಟ. ಈ ಕೊಡುಕೊಳ್ಳುವಿಕೆಯಲ್ಲಿ ದಿನದಿಂದ ದಿನಕ್ಕೆ ರೋಜರ್ ಪೂರ್ಣವಾಗುತ್ತ ಬಂದ.

1868ರ ಮಾರ್ಚ್ 12ರಂದು ಲೇಡಿ ಟಿಚ್‌ಬೋರ್ನ್ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ ಹಿರಿಮಗನ ಜಾಗದಲ್ಲಿ ಹಕ್ಕುದಾರನೇ ನಿಂತ. ಮನೆತನದವರು ಕುದಿದುಹೋದರು.

ಒಪ್ಪದವರು ಕಂಡುಕೊಂಡದ್ದು

ಮನೆತನಕ್ಕೆ ಒಪ್ಪದಿರಲು ಆಸ್ತಿಯ ಕಾರಣವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ರೋಜರನ ತಮ್ಮ ಸರ್ ಆಲ್ಫ್ರೆಡ್ 1866ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಆಗ ಬಸುರಿ, ಮೇ ತಿಂಗಳಲ್ಲಿ ಗಂಡು ಮಗು ಹುಟ್ಟಿತು. ವರ್ಷಕ್ಕೆ 20,000 ಪೌಂಡಿಗೂ ಮಿಕ್ಕಿ ಆದಾಯದ ಆಸ್ತಿ ಆ ಕೂಸಿನದು. ಹಕ್ಕುದಾರ ಗೆದ್ದರೆ ಕೂಸಿಗೆ ಏನೂ ಇಲ್ಲ. ಈ ಹಿನ್ನೆಲೆಯಿಂದಲೇ ಸಾಮಾನ್ಯ ಜನ ಮನೆತನವನ್ನು ನಂಬಲಿಲ್ಲ.

ಮನೆತನ ನೇಮಿಸಿಕೊಂಡದ್ದು ಲಂಡನ್ ಪೊಲೀಸರ ಕೇಂದ್ರವಾದ ಸ್ಕಾಟ್ಲೆಂಡ್ ಯಾರ್ಡ್ ಬಿಟ್ಟು ಬಂದಿದ್ದ ಜೊನಾಥನ್ ವಿಚರ್ ಎಂಬ ಪತ್ತೇದಾರನನ್ನು. ಅವನು ಹಕ್ಕುದಾರನ ಹೆಜ್ಜೆಗಳನ್ನು ಹಿಂದಕ್ಕೆ ಎಣಿಸುತ್ತ ಹೋದ. ಹೋಟೆಲು, ಗಾಡಿ, ಕೊನೆಗೆ ವಾಪಿಂಗ್ ಕೇರಿಯ ‘ಗ್ಲೋಬ್’ ಎಂಬ ಹೆಂಡದಂಗಡಿ. ಕ್ರಿಸ್‌ಮಸ್ ಸಂಜೆ ಆರ್ಟನ್ನರನ್ನು ಕೇಳಿಕೊಂಡು ಬಂದ ದಪ್ಪ ಮನುಷ್ಯ ಅಲ್ಲಿನವರಿಗೆ ಚೆನ್ನಾಗಿ ನೆನಪಿದ್ದ. ಆರ್ಥರ್ ಆರ್ಟನ್ 1834ರಲ್ಲಿ ವಾಪಿಂಗಿನಲ್ಲೇ ಹುಟ್ಟಿದವನು, ಜಾರ್ಜ್ ಆರ್ಟನ್ ಎಂಬ ಮಾಂಸದಂಗಡಿಯವನ ಕಿರಿಮಗ. ಹುಡುಗನಾಗಿದ್ದಾಗ ಹಡಗು ಸೇರಿ, ಚಿಲಿಯ ವಾಲ್ಪರೈಸೊದಲ್ಲಿ ಹಡಗಿನಿಂದ ತಪ್ಪಿಸಿಕೊಂಡು, ಮೆಲಿಪಿಲ್ಲಾ ಎಂಬ ಊರಿನಲ್ಲಿ ಒಂದೂವರೆ ವರ್ಷ ಇದ್ದ. ಅವನನ್ನು ಅಲ್ಲಿ ಆದರಿಸಿದ ಮನೆತನದ ಹೆಸರು ಕ್ಯಾಸ್ಟ್ರೊ. ಊರಿಗೆ ಬಂದು, 1852ರಲ್ಲಿ ಟ್ಯಾಸ್ಮೇನಿಯಾಕ್ಕೆ ಹೋದವನು ಆಮೇಲೆ ಕಾಣಿಸಲಿಲ್ಲ.

ಆರ್ಟನ್ ಕಾಣೆಯಾದದ್ದು ಆಸ್ಟ್ರೇಲಿಯಾದಲ್ಲಿ. ಕ್ಯಾಸ್ಟ್ರೊ ಎಂಬ ಹೆಸರಿನ ಮಾಂಸದಂಗಡಿಯವನು ಕಾಣಿಸಿಕೊಂಡದ್ದೂ ಆಸ್ಟ್ರೇಲಿಯಾದಲ್ಲಿ. ಹಕ್ಕುದಾರನ ಬಳಿ ಇದಕ್ಕೆ ಉತ್ತರವಿತ್ತು: ನಾನೂ ಆರ್ಟನ್ನೂ ಆಸ್ಟ್ರೇಲಿಯಾದಲ್ಲಿ ಗೆಳೆಯರು, ಅವನ ಮನೆಯವರಿಗೆ ಸುದ್ದಿ ಮುಟ್ಟಿಸಲು ವಾಪಿಂಗಿಗೆ ಹೋದೆ. ಆದರೆ ಆರ್ಟನ್ನನ ಅಕ್ಕಂದಿರಿಗೂ ಅಣ್ಣನಿಗೂ ಅವನು ಗುಟ್ಟಾಗಿ ಹಣ ಕೊಡುತ್ತಿದ್ದದ್ದು ಹೊರಬಂತು. ಆರ್ಟನ್ನನ ಹಿಂದಿನ ಪ್ರೇಯಸಿ ಮೇರಿ ಆ್ಯನ್ ಲೋಡರ್ ಅವನನ್ನು ನೋಡಿ, ಇವನೇ ಆರ್ಥರ್ ಎಂದಳು.

ಹೊಸದಾಗಿ ಬಂದ ಶ್ರೀಮಂತನೊಬ್ಬ, ಕೋಟ್ಯಂತರದ ಆಸ್ತಿ ಕೈಗೆ ಬರುವ ಹೊಸ್ತಿಲಲ್ಲಿ, ನಾಲ್ಕು ತಿಂಗಳು ಹಡಗಿನಲ್ಲಿ ದಣಿದು ಬಂದು, ಕ್ರಿಸ್‌ಮಸ್ ದಿನ ಹೆಂಡತಿ ಮಗುವನ್ನು ಬಿಟ್ಟು, ಗೆಳೆಯನೊಬ್ಬನ ಮನೆಯವರ ಯೋಗಕ್ಷೇಮ ಕೇಳಲು ಕತ್ತಲ ಕೇರಿಗೆ ಹೋಗುವನೇ? ಲೆಕ್ಕಾಚಾರವಿದ್ದವನಂತೂ ಹೋಗಬಾರದಿತ್ತು. ಅವನಂಥ ಜಾಗರೂಕನಿಗೂ ಆ ಒಂದು ಸಂಜೆ ತಡೆಯಲಾಗಲಿಲ್ಲ. ತಾಯಿ ತಂದೆ ಇದ್ದಾರೋ ಇಲ್ಲವೋ, ಅಕ್ಕಂದಿರು ಎಲ್ಲಿ ಸೇರಿದರೋ ಎಂಬ ಹಂಬಲ ಅವನನ್ನು ಎಳೆದುಕೊಂಡು ಹೋಯಿತು. ಅವನ ಬದುಕಿನಲ್ಲಿ ಅತ್ಯಂತ ನಿಜವಾದ ಗಳಿಗೆ ಅದೇ ಎಂದು ನನ್ನ ಎಣಿಕೆ. ಅವನನ್ನು ಹಿಡಿದುಕೊಟ್ಟದ್ದೂ ಅದೇ.

ನ್ಯಾಯಾಲಯದಲ್ಲಿ

ಟಿಚ್‌ಬೋರ್ನ್ ಬಂಗಲೆಯಲ್ಲಿ ಬಾಡಿಗೆಗಿದ್ದ ಕರ್ನಲ್ ಲಷಿಂಗ್ಟನ್ ಅವರನ್ನು ಪ್ರತಿವಾದಿ ಮಾಡಿ ದಾವೆ ಹೂಡಲಾಯಿತು. 1871ರ ಮೇ 11ರಂದು ಮುಖ್ಯ ನ್ಯಾಯಮೂರ್ತಿ ಬೋವಿಲ್ ಅವರ ಮುಂದೆ ವಿಚಾರಣೆ ಶುರುವಾಯಿತು. ಅಷ್ಟು ಹೊತ್ತಿಗೆ ಹಕ್ಕುದಾರನ ತೂಕ 150 ಕಿಲೋ ದಾಟಿತ್ತು. ಖರ್ಚಿಗೆಂದು ‘ಟಿಚ್‌ಬೋರ್ನ್ ಬಾಂಡು’ಗಳನ್ನು ಮಾರಿದ್ದ. ಗೆದ್ದ ಮೇಲೆ 100 ಪೌಂಡ್ ಕೊಡುತ್ತೇನೆಂಬ ಆ ಬಾಂಡುಗಳನ್ನು ಜನ ಕೊಂಡರು ಕೂಡ.

ಮನೆತನದ ಪರ ವಕೀಲ ಜಾನ್ ಡ್ಯೂಕ್ ಕೋಲ್‌ರಿಜ್ ಮಾಡಿದ ಪಾಟೀಸವಾಲು ದಿನಗಟ್ಟಲೆ ನಡೆಯಿತು. ಹೀಗೆಂದರೆ ನಿಮಗೆ ಆಶ್ಚರ್ಯವಾಗುತ್ತದೆಯೇ ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದ ಧಾಟಿ ಬೀದಿಯಲ್ಲಿ ಎಲ್ಲರ ಬಾಯಿಗೂ ಬಂತು. ಸ್ಟೋನಿಹರ್ಸ್ಟಿನಲ್ಲಿ ಓದಿದವನಿಗೆ ಲ್ಯಾಟಿನ್ ಯಾವುದು, ಗ್ರೀಕ್ ಯಾವುದು ಎಂಬ ಭೇದವೇ ತಿಳಿದಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮೊಹರು ಹಾಕಿದ ಲಕೋಟೆಯ ವಿಷಯ. ಊರು ಬಿಡುವ ಮುನ್ನ ರೋಜರ್ ಎಸ್ಟೇಟಿನ ಪಾರುಪತ್ಯಗಾರ ಗಾಸ್‌ಫರ್ಡ್ ಎಂಬವರ ಕೈಯಲ್ಲಿ ಒಂದು ಲಕೋಟೆ ಇಟ್ಟು ಹೋಗಿದ್ದ, ಅವನು ಸತ್ತನೆಂದ ಮೇಲೆ ಅದನ್ನು ನಾಶಪಡಿಸಲಾಗಿತ್ತು. ಲಕೋಟೆಯಲ್ಲಿ ಏನಿತ್ತು ಎಂದು ಕೇಳಿದಾಗ ಹಕ್ಕುದಾರ, ಕ್ಯಾಥರೀನ್ ತನ್ನಿಂದ ಬಸುರಾಗಿದ್ದರೆ ಏನು ಮಾಡಬೇಕೆಂಬ ಸೂಚನೆ ಇತ್ತು ಎಂದ. ಕ್ಯಾಥರೀನ್ ಆಗ ಇನ್ನೊಬ್ಬರ ಧರ್ಮಪತ್ನಿ. ತುಂಬಿದ ನ್ಯಾಯಾಲಯದಲ್ಲಿ ಕೂತಿದ್ದಳು. ಆಮೇಲೆ ಆಕೆ ಒಂದು ಕಾಗದ ಹೊರತೆಗೆದಳು. 1852ರಲ್ಲಿ ರೋಜರ್ ಆಕೆಗೆ ಕೊಟ್ಟಿದ್ದ ಪ್ರತಿ ಅದು. ಮೂರು ವರ್ಷದೊಳಗೆ ನಮ್ಮ ಮದುವೆಯಾದರೆ ಟಿಚ್‌ಬೋರ್ನಿನಲ್ಲಿ ಮೇರಿಮಾತೆಗೆ ಒಂದು ಗುಡಿ ಕಟ್ಟಿಸುತ್ತೇನೆ ಎಂಬ ಹರಕೆ ಅದರಲ್ಲಿತ್ತು. ಇಪ್ಪತ್ತು ವರ್ಷ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು ಎಂಬುದನ್ನು ನಾನು ಓದಿ ಸುಮ್ಮನೆ ಮುಂದೆ ಹೋಗಲಾರೆ.

ಕೊನೆಯ ಪೆಟ್ಟು ಹಚ್ಚೆಯಿಂದ ಬಂತು. ರೋಜರನ ತೋಳಿನ ಮೇಲೆ ಶಿಲುಬೆ, ಹೃದಯ, ಲಂಗರುಗಳ ಹಚ್ಚೆ ಇತ್ತು, ಅದರ ಬಳಿ ತಾನೇ ಹಚ್ಚೆ ಹಾಕಿದ್ದೆ ಎಂದು ಸಹಪಾಠಿ ಲಾರ್ಡ್ ಬೆಲ್ಯೂ ಸಾಕ್ಷಿ ನುಡಿದರು. ಹಕ್ಕುದಾರನ ತೋಳಿನಲ್ಲಿ ಅಂಥದ್ದು ಏನೂ ಇರಲಿಲ್ಲ. ಜ್ಯೂರಿಯವರು ಇಷ್ಟು ಸಾಕು ಎಂದರು. 1872ರ ಮಾರ್ಚ್ 6ರಂದು ದಾವೆ ಬಿತ್ತು. ಸುಳ್ಳುಸಾಕ್ಷಿಯ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು.

ಎರಡನೆಯ ವಿಚಾರಣೆ 1873ರ ಏಪ್ರಿಲಿನಿಂದ 1874ರ ಫೆಬ್ರವರಿ 28ರವರೆಗೆ, ಮುಖ್ಯ ನ್ಯಾಯಮೂರ್ತಿ ಕೋಬರ್ನ್ ಅವರ ಮುಂದೆ. ಹಕ್ಕುದಾರನ ಪರವಾಗಿ ಎಡ್ವರ್ಡ್ ಕೆನೀಲಿ. ಓಸ್ಪ್ರೇ ಹಡಗಿನಲ್ಲಿ ತಾನೇ ಇದ್ದೆ ಎಂದು ಜೀನ್ ಲೂಯಿ ಎಂಬ ನಾವಿಕ ಸಾಕ್ಷಿ ಹೇಳಿದ. ವಿಚಾರಿಸಿದರೆ ಅವನು ಆಗಷ್ಟೇ ಜೈಲಿನಿಂದ ಹೊರಬಂದವನು. ಜ್ಯೂರಿ ಅರ್ಧ ಗಂಟೆಯಲ್ಲಿ ನಿರ್ಧರಿಸಿತು: ಇವನು ರೋಜರ್ ಅಲ್ಲ, ಆರ್ಥರ್ ಆರ್ಟನ್. ಹದಿನಾಲ್ಕು ವರ್ಷ ಕಠಿಣ ಸಜೆ.

ಬಡವರು ಏಕೆ ನಂಬಿದರು

ಸಾಮಾನ್ಯ ಜನ ಈ ತೀರ್ಪನ್ನು ಒಪ್ಪಲಿಲ್ಲ. ದುಡಿಯುವವರು ತಮ್ಮ ಪುಡಿಗಾಸು ಕೂಡಿಸಿ ಅವನ ಹೋರಾಟಕ್ಕೆ ಕೊಟ್ಟಿದ್ದರು. ಕೆನೀಲಿಯನ್ನು ವಕೀಲಿಕೆಯಿಂದ ತೆಗೆದುಹಾಕಿದರು. 1875ರಲ್ಲಿ ಸ್ಟೋಕ್ ಕ್ಷೇತ್ರದ ಮತದಾರರು ಅವನನ್ನು ಸಂಸತ್ತಿಗೆ ಕಳಿಸಿದರು. ಮರುತನಿಖೆಯ ಅವನ ನಿರ್ಣಯಕ್ಕೆ ಸಿಕ್ಕಿದ್ದು 1 ಮತ, ವಿರುದ್ಧ 433.

ಹಕ್ಕುದಾರ ಮಾಂಸದಂಗಡಿಯವನ ಮಗ ಎಂದು ದೊಡ್ಡವರು ನಕ್ಕಷ್ಟೂ ಕೆಳಗಿನವರು ಅವನ ಹತ್ತಿರ ಸರಿದರು. ಸಿರಿವಂತನಾಗಿ ಹುಟ್ಟಿ ದುಡಿದು ತಿಂದವನನ್ನು ಮನೆಗೆ ಸೇರಿಸುತ್ತಿಲ್ಲ ಎಂಬುದು ಅವರಿಗೆ ಕಂಡ ಚಿತ್ರ. ಅವರು ದಡ್ಡರಾಗಿರಲಿಲ್ಲ. ಅಂದಿನ ನ್ಯಾಯಾಲಯ ಬಡವನ ಮಾತಿಗೆ ಎಷ್ಟು ಬೆಲೆ ಕೊಡುತ್ತಿತ್ತು ಎಂಬುದನ್ನು ಅವರು ಮೈಮೇಲೆ ಅನುಭವಿಸಿ ಬಲ್ಲವರು. ಅವರ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಸಿಕ್ಕಿದ ಮನುಷ್ಯ ಮಾತ್ರ ಸುಳ್ಳು.

ಗುರುತನ್ನು ಸಾಬೀತುಮಾಡಲು ಅಂದು ಬೇರೆ ದಾರಿಯೂ ಕಡಿಮೆ ಇತ್ತು. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲಿ ಕರಾರುಪತ್ರಕ್ಕೆ ಅಂಗೈ ಒತ್ತಿಸಿದ್ದೇನೋ ನಿಜ. ಆದರೆ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬೆರಳಚ್ಚಿನ ವಿಭಾಗ ತೆರೆದದ್ದು 1901ರಲ್ಲಿ. ಹಾಗಾಗಿ ಇಡೀ ವ್ಯಾಜ್ಯ ನೆನಪು, ಮುಖಚಹರೆ, ಹಚ್ಚೆಗಳ ಮೇಲೆಯೇ ನಿಂತಿತು. ನಮ್ಮ ಭಾವಾಲ್ ಸನ್ಯಾಸಿಯ ಪ್ರಕರಣದಲ್ಲೂ ಹೀಗೆಯೇ. ಡಾರ್ಜಿಲಿಂಗ್‌ನಲ್ಲಿ 1909ರಲ್ಲಿ ಸತ್ತನೆಂದ ಭಾವಾಲ್ ಜಮೀನ್ದಾರಿಯ ಕುಮಾರ ತಾನೇ ಎಂದು ಢಾಕಾ ಬಳಿ 1921ರಲ್ಲಿ ಒಬ್ಬ ಸನ್ಯಾಸಿ ಹೇಳಿದ. ಅವನಿಗೂ ಮನೆಮಾತು ಸರಿಯಾಗಿ ಬರುತ್ತಿರಲಿಲ್ಲ. ಅಲ್ಲಿ ಮೈಮೇಲಿನ ಗುರುತುಗಳು ಹೊಂದಿದವು, ಸನ್ಯಾಸಿ ಗೆದ್ದ. 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಅಂದಿನ ಕೊನೆಯ ಮೇಲ್ಮನವಿಯ ಪೀಠವೂ, ಆ ತೀರ್ಪನ್ನೇ ಎತ್ತಿಹಿಡಿಯಿತು. ಮನೆಮಾತು ಮರೆತವನೆಲ್ಲ ಮೋಸಗಾರ ಎಂದು ಸಲೀಸಾಗಿ ಹೇಳಿಬಿಡದಂತೆ ಆ ಪ್ರಕರಣ ನನ್ನನ್ನು ತಡೆಯುತ್ತದೆ. ಟಿಚ್‌ಬೋರ್ನ್ ಪ್ರಕರಣದಲ್ಲಿ ಫ್ರೆಂಚ್ ಬಾರದ್ದೊಂದೇ ಆಗಿದ್ದರೆ ನಾನೂ ಅನುಮಾನದಲ್ಲೇ ಉಳಿಯುತ್ತಿದ್ದೆ. ತಾಯಿಯ ಹೆಸರು, ಹಚ್ಚೆ, ಹರಕೆಯ ಕಾಗದ, ಕ್ಯಾಸ್ಟ್ರೊ ಎಂಬ ಎರವಲು ಹೆಸರು, ಆರ್ಟನ್ನರಿಗೆ ಕೊಟ್ಟ ಹಣ ಎಲ್ಲ ಒಂದೇ ಕಡೆಗೆ ಬೆರಳು ತೋರುತ್ತವೆ.

ಉಳಿದದ್ದು

1884ರಲ್ಲಿ ಹತ್ತು ವರ್ಷದ ಸಜೆಯ ನಂತರ ಹಕ್ಕುದಾರನನ್ನು ಬಿಟ್ಟರು. ಸೊರಗಿ ಹೋಗಿದ್ದ. ‘ಮ್ಯೂಸಿಕ್ ಹಾಲ್’ ಎಂಬ ಮನರಂಜನೆಯ ರಂಗಮಂದಿರಗಳಲ್ಲಿ, ಸರ್ಕಸ್ಸುಗಳಲ್ಲಿ ಮುಖ ತೋರಿಸಿ ಹೊಟ್ಟೆ ಹೊರೆದ. 1895ರಲ್ಲಿ ಒಂದು ಪತ್ರಿಕೆಗೆ ಹಣಕ್ಕಾಗಿ ತಪ್ಪೊಪ್ಪಿಗೆ ಬರೆದುಕೊಟ್ಟ: ನಾನು ಆರ್ಥರ್ ಆರ್ಟನ್. ಸ್ವಲ್ಪ ದಿನಕ್ಕೆ ಅದನ್ನೂ ಅಲ್ಲಗಳೆದ.

1898ರ ಏಪ್ರಿಲ್ 1ರಂದು ಲಂಡನ್ನಿನಲ್ಲಿ ಬಡವನಾಗಿ ಸತ್ತ. ಕಲ್ಲಿಲ್ಲದ ಗೋರಿ. ಆದರೂ ಪ್ಯಾಡಿಂಗ್ಟನ್ ಸ್ಮಶಾನಕ್ಕೆ ಸುಮಾರು 5000 ಜನ ಬಂದಿದ್ದರು. ಶವಪೆಟ್ಟಿಗೆಯ ಮೇಲೆ ‘ಸರ್ ರೋಜರ್ ಚಾರ್ಲ್ಸ್ ಡೌಟಿ ಟಿಚ್‌ಬೋರ್ನ್’ ಎಂದು ಬರೆದ ಒಂದು ಚೀಟಿ ಇಡಲು ಟಿಚ್‌ಬೋರ್ನ್ ಮನೆತನ ಒಪ್ಪಿಕೊಂಡಿತು. ಸ್ಮಶಾನದ ದಾಖಲೆಯಲ್ಲೂ ಅದೇ ಹೆಸರು. ಅಷ್ಟು ವರ್ಷ, ಅಷ್ಟು ಹಣ ಸುರಿದು ಯಾವ ಹೆಸರನ್ನು ಅವನಿಗೆ ಕೊಡೆವು ಎಂದು ಕಾದಾಡಿದ್ದರೋ ಅದೇ ಮನೆತನ ಅದನ್ನು ಮಣ್ಣಿಗೆ ಹೋಗುವಾಗ ಅವನ ಜೊತೆ ಕಳಿಸಿತು. ಏಕೆ ಒಪ್ಪಿದರು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಇಷ್ಟರ ನಡುವೆ ಜನ ಮರೆತೇಬಿಟ್ಟದ್ದು ಇಪ್ಪತ್ತೈದು ವರ್ಷದ ಆ ಸಣಕಲು ಹುಡುಗನನ್ನು. ಬೆಲ್ಲಾ ಹೇಗೆ ಮುಳುಗಿತು, ಯಾವ ಗಳಿಗೆಯಲ್ಲಿ, ಅವನು ಎಚ್ಚರದಲ್ಲಿದ್ದನೋ ನಿದ್ದೆಯಲ್ಲಿದ್ದನೋ ಎಂಬುದನ್ನು ಒಟ್ಟು 290 ದಿನಗಳ ವಿಚಾರಣೆಯೂ ತಿಳಿಸಲಿಲ್ಲ. ಬೋರಲಾಗಿ ತೇಲುತ್ತಿದ್ದ ಒಂದು ದೋಣಿ, ಅದರ ಹಲಗೆಯ ಮೇಲೆ ಹಡಗಿನ ಹೆಸರು.